ಕಾವಲಿನ ಕೂಲಿ

ಕಾಯುವವನಿಗೆ ತಾನು ಕಾಯುವ ವಸ್ತುವಿನಲ್ಲಿಯೇ ಎಷ್ಟು ಪಾಲು ಸಲ್ಲತಕ್ಕದ್ದು ಎಂಬ ಪ್ರಶ್ನೆಯು ಭರತಖಂಡದಲ್ಲಿ ಬಹು ಪುರಾತನವಾದುದು. ಧರ್ಮಶಾಸ್ತ್ರಕಾರರು ಅರಸನಿಗೆ ಬೆಳೆಯ ಆರನೆಯ ಒಂದು ಪಾಲನ್ನು ವಿಧಿಸಿದರಷ್ಟೆ. ಬೌಧಾಯನ ಧರ್ಮಸೂತ್ರವು ಅದನ್ನು ಅರಸನ ಹಿರಿಮೆಗೆ ಸಲ್ಲುವ ಕಾಣಿಕೆಯೆಂದು ಭಾವಿಸದೆ, ಪ್ರಜೆಗಳನ್ನು ಕಾಯುವುದಕ್ಕಾಗಿ ಅವನು ಪಡೆಯುವ ಭೃತಿಯೆಂದು, ಎಂದರೆ ಕೂಲಿಯೆಂದು ಎಣಿಸಿದೆ. ಕೂಲಿಯೆಂದ ಮೇಲೆ ಅದಕ್ಕೊಂದು ಮಿತಿಯುಂಟು. ಮಿತಿಮೀರಿದರೆ ಕೇಳುವ ಹಕ್ಕು ಕೊಡುವವನಿಗುಂಟು. ಇತ್ತ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ, ಬೊಕ್ಕಸವನ್ನು ನೋಡಿಕೊಳ್ಳಬೇಕಾದವರೇ ಅದನ್ನು ಅಪಹರಿಸುವ 40 ಉಪಾಯಗಳನ್ನು ಲೆಕ್ಕಹಾಕಿದ್ದಾನೆ. ಮಿತಿಯರಿತ ಕಾವಲುಗಾರನೊಬ್ಬ, ಕಳ್ಳನಾದ ಕಾವಲುಗಾರನೊಬ್ಬ: ಈ ಇಬ್ಬರನ್ನೂ ಪೂರ್ವಿಕರು ಚೆನ್ನಾಗಿ ಬಲ್ಲರು. ಮೂರನೆಯವನೊಬ್ಬನುಂಟು. ಅವನು ಕಾಸನ್ನೂ ಕದಿಯನು, ಕ್ಷಣವೂ ನಿದ್ರಿಸನು. ಆದರೂ ಅವನ ಎಚ್ಚರದ ದೆಸೆಯಿಂದಲೇ ಮನೆಯಲ್ಲಿ ಒಲೆ ಹತ್ತದಂತಾಗುತ್ತದೆ. ಇವನ ವಿಷಯದಲ್ಲಿ ನ್ಯಾಯವೇನೆಂಬುದನ್ನು ಈಗಿನ ಕಾಲದವರೇ ನಿಶ್ಚಯಿಸಿಕೊಳ್ಳಬೇಕಾಗಿದೆ. ಏಕೆಂದರೆ ಮನೆಮನೆಯ ಲ್ಯಾಪ್‌ಟಾಪಿನೊಳಗೆ ಇವನು ಬಂದು ನೆಲಸಿದ್ದಾನೆ.

ಶಿರಂಗಾಲದಂತಹ ಗಡಿಯೂರಿನವರಿಗೆ ಈ ಸಂಗತಿಯನ್ನು ತಿಳಿಯಹೇಳುವುದು ಸುಲಭ. ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಂಡ ಕಾವೇರಿಯು ಬಡಗಣಕ್ಕೆ ಹರಿದು, ಶಿರಂಗಾಲದ ಬಳಿಯಲ್ಲಿ ಕೊಡಗಿನ ನೆಲವನ್ನು ಬಿಡುತ್ತದೆ. 1956ನೆಯ ಇಸವಿ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರುವವರೆಗೂ ಅಲ್ಲಿದ್ದುದು ಎರಡು ಸೀಮೆಗಳ ಎಲ್ಲೆ. ಈಗಿರುವುದು ಎರಡು ಜಿಲ್ಲೆಗಳ ಎಲ್ಲೆ. ಚುನಾವಣೆಯ ದಿನಗಳಲ್ಲಿಯೂ, 2020ರ ಕೊರೋನಾ ಸಂಕಟದಲ್ಲಿಯೂ ಜಿಲ್ಲೆಯ ಗಡಿಗಳಲ್ಲಿ ವಾಹನಗಳನ್ನು ತಡೆದು ಶೋಧಿಸಿದುದನ್ನು ಗಡಿನಾಡಿನವರು ಮರೆತಿಲ್ಲ. ಅಂಥ ದಿನಗಳಲ್ಲಿ ಶುಂಠಿಯ ಲಾರಿಯೂ ನಿಲ್ಲಬೇಕು, ರೋಗಿಯನ್ನು ಕರೆದೊಯ್ಯುವ ಗಾಡಿಯೂ ನಿಲ್ಲಬೇಕು. ಠಾಣೆಯವನು ಕೆಟ್ಟವನಲ್ಲ, ಬರುವವರಲ್ಲಿ ಯಾರು ಕೆಟ್ಟವರೆಂಬುದು ನೋಡುವ ತನಕ ಅವನಿಗೆ ತಿಳಿಯದು, ಅಷ್ಟೆ.

ಅಂಥ ಊರಿನ ಒಂದು ಬೇಸಾಯದ ಮನೆಯನ್ನು ಭಾವಿಸಿಕೊಳ್ಳಬಹುದು. ಪಾಠಗಳೆಲ್ಲ ಅಂತರ್ಜಾಲಕ್ಕೆ ಹೋದ 2020ನೆಯ ವರ್ಷದಲ್ಲಿ ಮಗಳಿಗಾಗಿ ಕೊಂಡ ಲ್ಯಾಪ್‌ಟಾಪ್ ಅಲ್ಲಿದೆ. ಅದರ ಸ್ಮರಣೆ, ಎಂದರೆ ರ್‍ಯಾಮ್, 4 ಗಿಗಾಬೈಟ್. ಒಳಗಿರುವುದು ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್. ಯಂತ್ರದೊಡನೆಯೇ ಒಂದು ಆಂಟಿವೈರಸ್ ಬಂದಿತು, ಕೆಲವು ತಿಂಗಳ ಮಟ್ಟಿಗೆ ಉಚಿತವಾಗಿ. ಅದರ ಅವಧಿ ಮುಗಿದಾಗ ಅಂಗಡಿಯವನು ಇನ್ನೊಂದನ್ನು ಹಾಕಿಕೊಟ್ಟನು, ಹಳೆಯದನ್ನು ತೆಗೆಯಲಿಲ್ಲ. ಬ್ಯಾಂಕಿನ ವ್ಯವಹಾರ ಆರಂಭವಾದಾಗ ನೆಂಟರೊಬ್ಬರು ಹಿತಚಿಂತನೆಯಿಂದ ಮೂರನೆಯದನ್ನೂ ಸೇರಿಸಿದರು. ಈಗ ಆ ಯಂತ್ರದ ಗುಂಡಿಯನ್ನೊತ್ತಿ, ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬಂದರೂ ಅದು ಎಚ್ಚರಗೊಂಡಿರುವುದಿಲ್ಲ. ವೃತ್ತಿಶಿಕ್ಷಣದ ಪ್ರವೇಶಪರೀಕ್ಷೆಗೆ ಅರ್ಜಿ ತುಂಬಲು ನಾಳೆಯೇ ಕಡೆಯ ದಿನ. "ಇವನ್ನೆಲ್ಲ ಕಿತ್ತುಹಾಕಿಬಿಡೋಣ ಅಪ್ಪ" ಎಂದು ಮಗಳು. "ಬೇಡಮ್ಮ, ಬ್ಯಾಂಕಿನ ಲೆಕ್ಕವೆಲ್ಲ ಅದರಲ್ಲಿಯೇ ಇದೆ" ಎಂದು ತಂದೆ. ವಿಚಾರಮಾಡಿದರೆ ಇಬ್ಬರ ಮಾತಿನಲ್ಲಿಯೂ ಧರ್ಮಸೂಕ್ಷ್ಮವೊಂದು ಅಡಗಿದೆ. ಆದರೆ ಅದಕ್ಕಿಂತ ಮುಂಚೆ ತೀರ್ಮಾನವಾಗಬೇಕಾದ ಮತ್ತೊಂದು ಮಾತುಂಟು: ಅಪರಾಧಿಯು ನಿಜವಾಗಿಯೂ ಕಾವಲುಗಾರನೇ ಹೌದೆ?

ತರ್ಕಶಾಸ್ತ್ರದ ಬಾಲಪಾಠವನ್ನು ಓದಿದವರಿಗೆ ಕುಂಬಾರನ ಕತ್ತೆಯ ದೃಷ್ಟಾಂತವು ನೆನಪಿರಬಹುದು. ಮಡಕೆ ಹುಟ್ಟುವುದಕ್ಕಿಂತ ಮುಂಚೆ ಮಣ್ಣು ಹೊತ್ತ ಕತ್ತೆಯು ಅಲ್ಲಿ ನಿಂತಿತ್ತು; ಆದಕಾರಣ ಕತ್ತೆಯು ಮಡಕೆಗೆ ಕಾರಣವೆಂದರೆ ನೈಯಾಯಿಕರು ಒಪ್ಪುವುದಿಲ್ಲ. ಅದನ್ನು ಅವರು ಅನ್ಯಥಾಸಿದ್ಧವೆಂದು ಬದಿಗೆ ಸರಿಸುತ್ತಾರೆ. ಯಂತ್ರವು ನಿಧಾನವಾಗಿದೆ, ಯಂತ್ರದಲ್ಲಿ ಆಂಟಿವೈರಸ್ ಇದೆ, ಆದ್ದರಿಂದ ಆಂಟಿವೈರಸ್ಸೇ ನಿಧಾನಕ್ಕೆ ಕಾರಣವೆಂಬ ವಾದವೂ ಇಷ್ಟೇ ತೂಕದ್ದು. ಅದು ಇದ್ದಾಗ ಇದು ಉಂಟು, ಅದು ಇಲ್ಲದಾಗ ಇದು ಇಲ್ಲ ಎಂಬ ಅನ್ವಯವ್ಯತಿರೇಕಗಳೆರಡೂ ಕೂಡಿಬಂದಾಗಲೇ ಕಾರಣವು ನಿಶ್ಚಿತವಾಗುವುದು. ಈ ಪ್ರಾಚೀನ ವಿಧಾನವು ಯಂತ್ರಚಿಕಿತ್ಸೆಗೆ ಒಪ್ಪುವಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಒಪ್ಪಲಾರದೇನೋ.

ಅನ್ವಯವನ್ನು ನೋಡುವ ಬಗೆ ಹೀಗೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿಯು ತೆರೆದುಕೊಳ್ಳುತ್ತದೆ. ಯಂತ್ರದೊಳಗೆ ಆ ಕ್ಷಣದಲ್ಲಿ ಯಾರು ಯಾರು ದುಡಿಯುತ್ತಿದ್ದಾರೆ, ಪ್ರೊಸೆಸರನ್ನೂ ಸ್ಮರಣೆಯನ್ನೂ ಡಿಸ್ಕನ್ನೂ ಯಾರೆಷ್ಟು ಬಳಸುತ್ತಿದ್ದಾರೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಡಿಸ್ಕಿನ ಅಂಕಣವು ಶೇಕಡಾ 100ನ್ನು ತೋರಿಸುತ್ತ ಇಳಿಯದಿದ್ದು, ಮೇಲ್ಗಡೆಯಲ್ಲಿ ರಕ್ಷಣಾ ತಂತ್ರಾಂಶದ ಹೆಸರೇ ಮರಳಿ ಮರಳಿ ಕಂಡರೆ ಸಂಶಯಕ್ಕೆ ಆಧಾರವುಂಟು. ವ್ಯತಿರೇಕಕ್ಕಾಗಿ ಮೊದಲು ಅಂತರ್ಜಾಲದ ಸಂಪರ್ಕವನ್ನು ಕಡಿದು, ಅನಂತರ ಕಾವಲನ್ನು ಹತ್ತು ನಿಮಿಷ ನಿಲ್ಲಿಸಿ, ಮುಂಚೆ ತೆರೆದಿದ್ದ ಕಡತವನ್ನೇ ಮತ್ತೊಮ್ಮೆ ತೆರೆದು ನೋಡಬೇಕು. ಕಾವಲನ್ನು ಎಬ್ಬಿಸಿದ ತರುವಾಯವೇ ಸಂಪರ್ಕವನ್ನು ಕೂಡಿಸಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಕೂಡದು. ಕಾವಲು ಮಲಗಿದ್ದಾಗಲೂ ಯಂತ್ರವು ತೆವಳುತ್ತಿದ್ದರೆ ಅದು ಕುಂಬಾರನ ಕತ್ತೆಯೆಂದೇ ತಿಳಿಯಬೇಕು. ಆಗ ಬೇರೆ ಕಾರಣಗಳನ್ನು ಹುಡುಕಬೇಕು: ಡಿಸ್ಕು ಕಂಠಮಟ್ಟ ತುಂಬಿರಬಹುದು; ಯಂತ್ರ ಏಳುವಾಗಲೇ ಜೊತೆಗೆ ಏಳುವ ತಂತ್ರಾಂಶಗಳು ಹತ್ತಾರು ಇರಬಹುದು; ಪಂಖಕ್ಕೆ ಧೂಳು ಕಟ್ಟಿ ಒಳಗೆ ಕಾವೇರಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ನಿಧಾನಿಸುವುದೂ ಉಂಟು. ಡಿಸ್ಕಿನಿಂದ ಟಕಟಕ ಸದ್ದು ಕೇಳಿದರೆ ತರ್ಕವನ್ನೆಲ್ಲ ಬದಿಗಿಟ್ಟು, ಅದರಲ್ಲಿರುವುದನ್ನು ಮೊದಲು ಬೇರೆ ಕಡೆಗೆ ನಕಲುಮಾಡಿಕೊಳ್ಳುವುದು ಕ್ಷೇಮ.

ಅನ್ವಯವ್ಯತಿರೇಕಗಳೆರಡೂ ಕಾವಲನ್ನೇ ತೋರಿಸಿದುವೆನ್ನೋಣ. ಅದು ಭಾರವಾಗುವುದೇಕೆ? ರಕ್ಷಣಾ ತಂತ್ರಾಂಶವು ಎಲ್ಲೆಯ ಠಾಣೆಯಂತೆ ದಾರಿಯ ಮೇಲೆ ಕುಳಿತಿರುತ್ತದೆ. ಯಾವ ಕಡತವನ್ನು ತೆರೆದರೂ, ಯಾವ ತಂತ್ರಾಂಶವನ್ನು ಎಬ್ಬಿಸಿದರೂ ಅದು ಮೊದಲು ತನ್ನ ಕಣ್ಣೆದುರಿಗೆ ಹಾದುಹೋಗಬೇಕೆಂದು ಹಟಮಾಡುತ್ತದೆ. ಒಂದು ಕೆಲಸದ ಹಿಂದೆ ನೂರಾರು ಸಣ್ಣ ಕಡತಗಳ ಓಡಾಟವಿರುವುದರಿಂದ ಈ ಶೋಧವೂ ನೂರಾರು ಸಲ ನಡೆಯುತ್ತದೆ. ತಟ್ಟೆ ತಿರುಗುವ ಡಿಸ್ಕಿನಲ್ಲಿ ಓದುವ ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ನಿಜವಾಗಿಯೂ ಚಲಿಸಬೇಕಾದುದರಿಂದ, ಮಗಳ ಅರ್ಜಿಯನ್ನೂ ಕಾವಲುಗಾರನ ಶೋಧವನ್ನೂ ಅದೊಂದೇ ಮುಳ್ಳು ನಡೆಸಿಕೊಡಬೇಕಾಗುತ್ತದೆ. ಇನ್ನು ಒಂದೇ ಗಡಿಯಲ್ಲಿ ಎರಡು ಠಾಣೆಗಳಿದ್ದರಂತೂ ಮೊದಲನೆಯವನು ತೆರೆದು ನೋಡಿದ ಮೂಟೆಯನ್ನು ಎರಡನೆಯವನು ಮತ್ತೆ ಬಿಚ್ಚುತ್ತಾನೆ. ಸಾಲದುದಕ್ಕೆ ಒಬ್ಬರನ್ನೊಬ್ಬರು ಕಳ್ಳರೆಂದು ಶಂಕಿಸಿ ಹಿಡಿಯುವುದೂ ಉಂಟು. ಕಾವಲುಗಾರರಿಬ್ಬರಾದರೆ ಭದ್ರತೆಯು ಇಮ್ಮಡಿಯಾಗುವುದೆಂಬುದು ಲೋಕದ ಭ್ರಮೆ. ಇಮ್ಮಡಿಯಾಗುವುದು ಕೂಲಿ ಮಾತ್ರ.

ಆದ್ದರಿಂದ ಚಿಕಿತ್ಸೆಯ ಮೊದಲ ಹೆಜ್ಜೆಯು ಒಬ್ಬನನ್ನು ಉಳಿಸಿಕೊಂಡು ಉಳಿದವರನ್ನು ಕಳುಹಿಸಿಕೊಡುವುದು. ಇವರು ಹೋಗೆಂದರೆ ಪೂರ್ತಿಯಾಗಿ ಹೋಗುವವರಲ್ಲ. ಸಾಮಾನ್ಯ ರೀತಿಯಲ್ಲಿ ತೆಗೆದರೂ ತುಣುಕುಗಳು ಉಳಿದುಕೊಳ್ಳುತ್ತವೆ. ತಯಾರಕರಲ್ಲಿ ಬಹುಮಂದಿ ಅದಕ್ಕೆಂದೇ ಬೇರೊಂದು ಉಪಕರಣವನ್ನು ಒದಗಿಸಿರುವುದರಿಂದ ಅದನ್ನು ಬಳಸಿ, ಯಂತ್ರವನ್ನು ಆರಿಸಿ ಹೊತ್ತಿಸಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ವಿಂಡೋಸಿನೊಳಗೆಯೇ ಡಿಫೆಂಡರ್ ಎಂಬ ಪೂರ್ಣ ಕಾವಲೊಂದು ಇರುತ್ತದೆ. ಹೊರಗಿನ ಕಾವಲುಗಾರನು ಬಂದಾಗ ಅದು ಹಿಂದೆ ಸರಿದು, ಅವನು ಹೋದಾಗ ತಾನಾಗಿಯೇ ಮುಂದೆ ಬರುತ್ತದೆ. ಮನೆಯ ಬಳಕೆಗೆ ಬಹುಮಟ್ಟಿಗೆ ಅದೇ ಸಾಕು. ಆದರೆ ಅದೂ ಕೂಲಿಯಿಲ್ಲದೆ ದುಡಿಯುವುದಲ್ಲ. ಗೊತ್ತಾದ ವೇಳೆಯಲ್ಲಿ ಯಂತ್ರವನ್ನೆಲ್ಲ ಶೋಧಿಸುವಾಗ ಅದು ಪ್ರೊಸೆಸರಿನ ಸರಾಸರಿ ಶೇಕಡಾ 50ರ ವರೆಗೆ ಬಳಸಬಹುದೆಂಬುದು ಅದರ ಹುಟ್ಟು ನೇಮ. ಬೌಧಾಯನನ ಅರಸನಿಗೆ ಆರರಲ್ಲೊಂದು, ಇವನಿಗೆ ಎರಡರಲ್ಲೊಂದು! ನೇಮವನ್ನು ಬದಲಾಯಿಸಬಹುದು, ಶೋಧದ ವೇಳೆಯನ್ನು ಮನೆಯವರು ಹೊಲದಲ್ಲಿರುವ ಹೊತ್ತಿಗೆ ಹಾಕಿಕೊಳ್ಳಬಹುದು. ಕೆಲವು ಜಾಗಗಳನ್ನು ಶೋಧಿಸಬೇಡವೆಂದು ಹೇಳಿಡುವ ಸೌಕರ್ಯವೂ ಉಂಟು. ಆದರೆ ಹೊರಗಿನಿಂದ ಇಳಿಸಿಕೊಂಡ ಕಡತಗಳು ಬಂದು ಬೀಳುವ ಜಾಗಕ್ಕೆ ಅಂಥ ವಿನಾಯಿತಿಯನ್ನು ಕೊಡುವುದು, ಹೆಬ್ಬಾಗಿಲನ್ನು ತೆರೆದಿಟ್ಟು ಕಿಟಕಿಗೆ ಅಗುಳಿ ಹಾಕಿದಂತೆಯೇ ಸರಿ. ಹಣವುಳ್ಳವರು ತಿರುಗುವ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ, ರ್‍ಯಾಮನ್ನು 8 ಗಿಗಾಬೈಟಿಗೆ ಏರಿಸಿದರೆ, ಹಳೆಯ ಯಂತ್ರವೇ ಎದ್ದು ಓಡಾಡುತ್ತದೆ. ಹೊಸತನ್ನು ಕೊಳ್ಳುವುದಕ್ಕಿಂತ ಇದು ಅಗ್ಗ.

ಇಷ್ಟು ಯಂತ್ರದ ಮಾತಾಯಿತು. ಮಗಳ ವಾದವು ಇನ್ನೂ ಉತ್ತರವನ್ನು ಕೇಳುತ್ತ ನಿಂತಿದೆ. ಒಂದನ್ನಾದರೂ ಏಕೆ ಉಳಿಸಿಕೊಳ್ಳಬೇಕು?

ಯೋಗಕ್ಷೇಮವೆಂಬ ಮಾತನ್ನು ಕಾಗದಗಳ ತಲೆಯ ಮೇಲೆ ಬರೆದು ಬರೆದು ಜನರು ಅದರ ಅರ್ಥವನ್ನು ಮರೆತಿದ್ದಾರೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಉಳಿಸಿಕೊಳ್ಳುವುದು ಕ್ಷೇಮ. ಶಬ್ದದಲ್ಲಿ ಯೋಗವು ಮೊದಲು, ಕ್ಷೇಮವು ಆಮೇಲೆ. ಯೋಗವೇ ಇಲ್ಲದಲ್ಲಿ ಕಾಯುವುದಕ್ಕಾದರೂ ಏನಿರುತ್ತದೆ? ಅರ್ಜಿ ತುಂಬಲಾಗದ ಯಂತ್ರವನ್ನು ಚೋರರಿಂದ ಕಾಪಾಡುವುದು, ಬಿತ್ತದ ಹೊಲಕ್ಕೆ ಬೇಲಿ ಕಟ್ಟಿದ ಹಾಗೆ. ಈ ಮಟ್ಟಿಗೆ ಮಗಳ ಮಾತು ಶಾಸ್ತ್ರಸಮ್ಮತವೇ ಆಗಿದೆ. ಆದರೆ ಅವಳು ಎಣಿಸದೆ ಬಿಟ್ಟುದೊಂದುಂಟು. ಯಂತ್ರವು ತನ್ನದೆಂಬುದು ದಿಟವಾದರೂ, ಅದರ ರೋಗವು ತನ್ನೊಬ್ಬಳದಾಗಿ ಉಳಿಯುವುದಿಲ್ಲ. 2017ನೆಯ ಇಸವಿ ಮೇ 12ರಂದು ವಾನ್ನಾಕ್ರೈ ಎಂಬ ಹುಳುವು ಹೊರಟು, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹಿಡಿಯಿತು. ಅವುಗಳಲ್ಲಿದ್ದ ಕಡತಗಳಿಗೆ ಬೀಗವಿಕ್ಕಿ ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೆ ಹೋದುವು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಆ ವರ್ಷದ ಮಾರ್ಚಿಯಲ್ಲಿಯೇ ಹೊರಡಿಸಿತ್ತು. ಹಾಕಿಕೊಳ್ಳದಿದ್ದವರು ಹಾಕಿಕೊಳ್ಳದೆ ಇದ್ದರು. ಹುಳುವು ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನಾಗಿಯೇ ಹರಿಯಿತು. ಬೇಸಗೆಯಲ್ಲಿ ಹುಲ್ಲಿಗೆ ಕಿಡಿ ಬಿದ್ದಾಗ ಬೆಂಕಿಯು ಪಹಣಿಯನ್ನು ನೋಡಿ ನಿಲ್ಲುವುದಿಲ್ಲವಷ್ಟೆ. ತನ್ನ ಯಂತ್ರವನ್ನು ಕಾಯದೆ ಬಿಡುವ ಸ್ವಾತಂತ್ರ್ಯವು ಯಾರಿಗಾದರೂ ಇದ್ದರೆ, ಅದು ತನ್ನ ಯಂತ್ರವನ್ನು ಬೇರೆ ಯಾವ ಯಂತ್ರಕ್ಕೂ ಜೋಡಿಸದವನಿಗೆ ಮಾತ್ರ.

ಹಾಗಾದರೆ ಕಾವಲು ಬೇಕು, ಕೂಲಿ ಹೆಚ್ಚಾಗಬಾರದು. ಇದು ಹೇಗೆ ಸಾಧ್ಯವೆಂಬುದಕ್ಕೆ ಕೊಡಗಿನ ನೆಲದಲ್ಲಿಯೇ ಒಂದು ಸೂಚನೆ ದೊರೆಯುತ್ತದೆ. ಕಡಂಗಗಳನ್ನು ಕಾಣದ ಕೊಡಗಿನವರಿಲ್ಲ. ಹಿಂದಿನ ಯುದ್ಧಕಾಲಗಳಲ್ಲಿ ತೋಡಿದ ಆ ಆಳವಾದ ಕಂದಕಗಳು, ಅಗೆದ ಮಣ್ಣನ್ನೇ ಪಕ್ಕಕ್ಕೆ ದಿಣ್ಣೆಯಾಗಿ ಏರಿಸಿಕೊಂಡು, ಬೆಟ್ಟವನ್ನು ಹತ್ತಿ ಇಳಿದು ಮೈಲಿಗಟ್ಟಲೆ ಸಾಗಿವೆ. ಅವುಗಳನ್ನು ತೋಡುವುದಕ್ಕೆ ಎಷ್ಟು ಜನರ ಎಷ್ಟು ದಿನಗಳ ಉಳುಮೆಯು ನಿಂತಿರಬೇಕೆಂಬುದನ್ನು ಊಹಿಸಿದರೆ ಆ ಕಾವಲೂ ಅಗ್ಗವಲ್ಲವೆಂದು ತೋರುತ್ತದೆ. ಆದರೆ ಅದರ ಕೂಲಿಯ ಬಗೆಯೇ ಬೇರೆ. ಕಡಂಗವು ಒಂದು ಸಲ ಬೆವರನ್ನು ಕೇಳುತ್ತದೆ. ಮಳೆಗಾಲ ಕಳೆದ ಮೇಲೆ ಕುಸಿದ ಮಣ್ಣನ್ನು ಎತ್ತಿಹಾಕಿದರೆ ಮತ್ತೇನನ್ನೂ ಕೇಳದು. ಆನೆಯನ್ನು ತಡೆಯಲು ಕಾಡಂಚಿನಲ್ಲಿ ಈಗ ತೋಡುವ ಕಂದಕವೂ ಇದೇ ಜಾತಿಯದು. ಬೆಳೆ ಕಾಯುವವನು ಅಟ್ಟಣೆಯ ಮೇಲೆ ಕುಳಿತು ಕಳೆಯುವ ರಾತ್ರಿಯಾದರೋ ಪ್ರತಿದಿನವೂ ಹೊಸದಾಗಿ ಖರ್ಚಾಗುವುದು. ರಾತ್ರಿ ಕಾದವನು ಹಗಲು ಉಳಲಾರನು.

ಲ್ಯಾಪ್‌ಟಾಪಿಗೂ ಕಂದಕದ ಕಾವಲು, ಅಟ್ಟಣೆಯ ಕಾವಲು ಎಂಬ ಎರಡು ಬಗೆಗಳುಂಟು. ತೇಪೆಗಳನ್ನು ಬಂದ ಕೂಡಲೆ ಹಾಕಿಕೊಳ್ಳುವುದು. ಯಂತ್ರದ ಯಜಮಾನಿಕೆಯುಳ್ಳ ಖಾತೆಯಿಂದಲ್ಲದೆ ಸಾಮಾನ್ಯ ಖಾತೆಯಿಂದ ದಿನದ ಕೆಲಸವನ್ನು ನಡೆಸುವುದು. ಮುಖ್ಯವಾದ ಕಡತಗಳ ನಕಲನ್ನು ಬೇರೊಂದು ಡಿಸ್ಕಿನಲ್ಲಿ ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಪೆಟ್ಟಿಗೆಯಲ್ಲಿಡುವುದು. ಯಾರೋ ಕಳುಹಿಸಿದ ಕೊಂಡಿಯನ್ನು ಒತ್ತದಿರುವುದು: ಇವೆಲ್ಲ ಕಡಂಗದ ಜಾತಿಗೆ ಸೇರಿದುವು. ಇವು ಯಂತ್ರದ ವೇಗವನ್ನು ತಿನ್ನುವುದಿಲ್ಲ; ಮನುಷ್ಯನ ಸೋಮಾರಿತನವನ್ನು ಮಾತ್ರ ತಿನ್ನುತ್ತವೆ. ಜನರಿಗೆ ಇವು ರುಚಿಸದಿರುವುದು ಬಹುಶಃ ಅದಕ್ಕಾಗಿಯೇ. ಕಂದಕ ತೋಡಲೊಲ್ಲದವನು ಮೂವರು ಕಾವಲುಗಾರರನ್ನಿಟ್ಟು, ಅವರ ಊಟಕ್ಕೆ ಸಾಲದೆಂದು ಗೋಳಿಡುತ್ತಾನೆ. ಕಡಂಗದ ಮಣ್ಣನ್ನು ಎತ್ತಿಹಾಕುವವರೇ ಇಲ್ಲವಾದರೆ ಮಾತು ಬೇರೆ. 2025ನೆಯ ಇಸವಿ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆಯು ಮುಗಿಯಿತು. ಮುಂದಿನ ತೇಪೆಗಳಿಗೆ ಬೇರೆ ಏರ್ಪಾಡು ಮಾಡಿಕೊಳ್ಳದ ಹಳೆಯ ಯಂತ್ರದಲ್ಲಿ ಎಂಥ ಆಂಟಿವೈರಸ್ಸನ್ನು ಕೂರಿಸಿದರೂ ಅದು ಕುಸಿದ ಕಂದಕದ ಅಂಚಿನಲ್ಲಿ ಕುಳಿತ ಕಾವಲೇ ಸರಿ.

ಕಾವಲುಗಾರನ ಕಡೆಯಿಂದಲೂ ಒಂದು ದೋಷವನ್ನು ಹೇಳದೆ ವಿಧಿಯಿಲ್ಲ. ಅಪಾಯವಿಲ್ಲದಾಗ ಕಾವಲಿನ ಕೆಲಸವು ಕಣ್ಣಿಗೆ ಬೀಳುವುದಿಲ್ಲ; ಕಣ್ಣಿಗೆ ಬೀಳದ ಕೆಲಸಕ್ಕೆ ವರ್ಷವರ್ಷವೂ ಹಣ ಕೊಡಲು ಯಜಮಾನನು ಹಿಂದೆಗೆಯುತ್ತಾನೆ. ಇದನ್ನರಿತ ಕೆಲವು ತಂತ್ರಾಂಶಗಳು ಆಗಾಗ ಮೂಲೆಯಲ್ಲಿ ಕೆಂಪು ಪಟ್ಟಿಯನ್ನು ಬೀಸಿ, ಯಂತ್ರವು ಅಪಾಯದಲ್ಲಿದೆ, ಇಂದೇ ನವೀಕರಿಸತಕ್ಕದ್ದು ಎಂದು ಕೂಗುತ್ತವೆ. ನಡುರಾತ್ರಿಯಲ್ಲಿ ಕಳ್ಳ ಬಂದನೆಂದು ತಾನೇ ಬೊಬ್ಬೆಹಾಕಿ, ಬೆಳಗ್ಗೆ ಇನಾಮಿಗೆ ಬರುವ ತಳವಾರನಿಗೂ ಇವಕ್ಕೂ ಭೇದವೇನು? ಕಾವಲಿನ ಧರ್ಮವು ಭಯವನ್ನು ಕಡಮೆಮಾಡುವುದು. ಭಯವನ್ನು ಬೆಳೆಸಿ ಅದರಿಂದ ಬದುಕುವ ಕಾವಲು ನಿಜವಾದ ಕಳ್ಳನಿಗೂ ಉಪಕಾರಮಾಡುತ್ತದೆ. ಕೆಂಪು ಪಟ್ಟಿಗೆ ಹೊಂದಿಕೊಂಡ ಕಣ್ಣು ನಿಜವಾದ ಎಚ್ಚರಿಕೆಯನ್ನೂ ಓದದೆ ಮುಚ್ಚಿಬಿಡುತ್ತದೆ. ಅಂಥದನ್ನು ತೆಗೆದುಹಾಕುವುದರಲ್ಲಿ ತಂದೆಯು ಅಂಜಬೇಕಾದುದೇನೂ ಇಲ್ಲ.

ಇದುವರೆಗೆ ಹೇಳಿದುದು ಯಂತ್ರದ ಒಡೆಯನೂ ಬಳಸುವವನೂ ಒಂದೇ ಮನೆಯವರಾಗಿರುವಲ್ಲಿ. ಅಲ್ಲಿ ಕೂಲಿ ಕೊಡುವವನೇ ನಷ್ಟವನ್ನೂ ಉಣ್ಣುವುದರಿಂದ ತಕ್ಕಡಿಯು ಇಂದಲ್ಲ ನಾಳೆ ಸಮನಾಗುತ್ತದೆ. ಕಷ್ಟವಾದ ಪ್ರಶ್ನೆಯಿರುವುದು ಮತ್ತೊಂದೆಡೆಯಲ್ಲಿ. 2020ರಿಂದೀಚೆಗೆ ಬೆಂಗಳೂರಿನ ಕಂಪನಿಗಳ ಕೆಲಸವನ್ನು ಊರಿನ ಜಗಲಿಯಲ್ಲಿ ಕುಳಿತೇ ಮಾಡುವ ಯುವಕರು ಎಲ್ಲೆಡೆಯೂ ಕಾಣಸಿಗುತ್ತಾರೆ. ಅವರ ಲ್ಯಾಪ್‌ಟಾಪು ಕಂಪನಿಯದು. ಅದರೊಳಗಿನ ಕಾವಲೂ ಕಂಪನಿಯದು. ಕಡತವನ್ನು ನೋಡುವುದೊಂದು, ಹೊರಗೆ ಹೋಗುವುದನ್ನು ತಡೆಯುವುದೊಂದು, ಕೀಲಿಮಣೆಯ ಮುಂದೆ ಕುಳಿತವನನ್ನೇ ನೋಡುವುದು ಇನ್ನೊಂದು. ಬೆಳಗ್ಗೆ ಅರ್ಧ ಗಂಟೆ ಯಂತ್ರವು ಏಳದಿದ್ದರೆ ಆ ಅರ್ಧ ಗಂಟೆಯು ಸಂಜೆಯ ಲೆಕ್ಕಕ್ಕೆ ಸೇರುತ್ತದೆ. ಮಗುವಿನೊಡನೆ ಕಳೆಯಬೇಕಾದ ಹೊತ್ತು ಕಾವಲಿನ ಕೂಲಿಯಾಗಿ ಹೋಗುತ್ತದೆ. ಭಯಪಡುವವನೊಬ್ಬ, ಬೆಲೆ ತೆರುವವನೊಬ್ಬನಾದಾಗ ಕಾವಲುಗಾರರ ಸಂಖ್ಯೆಗೆ ಮಿತಿಯೆಂಬುದೇ ಇರುವುದಿಲ್ಲ. ಷಡ್ಭಾಗವನ್ನು ಪಡೆಯುತ್ತಿದ್ದ ಅರಸನಿಗಾದರೂ ರೈತನ ಕಣದಲ್ಲಿ ರಾಶಿಯೆಷ್ಟಿದೆಯೆಂಬುದು ಕಣ್ಣಿಗೆ ಕಾಣುತ್ತಿತ್ತು. ಈ ಅರ್ಧ ಗಂಟೆಯು ಯಾರ ಜಮಾಖರ್ಚಿನಲ್ಲಿಯೂ ಕಾಣುವುದಿಲ್ಲ.

ಕಾವಲೆಂದರೆ ಪ್ರಶ್ನಿಸಬಾರದೆಂದು ಬಗೆಯುವ ದೊಡ್ಡ ಸಂಸ್ಥೆಗಳಿಗೆ 2024ನೆಯ ಇಸವಿ ಜುಲೈ 19ನೆಯ ತಾರೀಖು ನೆನಪಿನಲ್ಲಿರತಕ್ಕದ್ದು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ರಕ್ಷಣಾ ಸಂಸ್ಥೆಯು ಆ ಬೆಳಗ್ಗೆ ಕಳುಹಿಸಿದ ಕಡತವೊಂದು ದೋಷಯುಕ್ತವಾಗಿತ್ತು. ಅದರ ಕಾವಲು ವಿಂಡೋಸಿನ ಗರ್ಭಗುಡಿಯಂತಹ ಒಳಭಾಗದಲ್ಲಿ ಕುಳಿತಿದ್ದುದರಿಂದ, ಕಾವಲು ಎಡವಿದಾಗ ಯಂತ್ರವೇ ಬಿದ್ದಿತು. ಲೋಕದಲ್ಲೆಲ್ಲ ಸುಮಾರು 85 ಲಕ್ಷ ಯಂತ್ರಗಳು ನೀಲಿ ತೆರೆಯನ್ನು ತೋರಿಸಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣವೂ ಈ ಬಾಧೆಗೆ ಒಳಗಾಯಿತು. ಭಾರತದ ವಿಮಾನನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟರು. ತಪ್ಪಾದ ಕಡತವನ್ನು 78 ನಿಮಿಷಗಳಲ್ಲಿಯೇ ಹಿಂದೆಗೆದುಕೊಂಡರಾದರೂ, ಬಿದ್ದ ಯಂತ್ರಗಳಲ್ಲಿ ಬಹುಭಾಗವನ್ನು ಒಂದೊಂದಾಗಿ ಮನುಷ್ಯರೇ ಹೋಗಿ ಎಬ್ಬಿಸಬೇಕಾಯಿತು. ಅಂದು ಯಾವ ಶತ್ರುವೂ ಬಂದಿರಲಿಲ್ಲ.

ಜಗಲಿಯ ಯುವಕನು ಹಾಗೆಂದು ಕಂಪನಿಯ ಕಾವಲನ್ನು ಗುಟ್ಟಾಗಿ ನಿಲ್ಲಿಸಬಹುದೇ? ಸಲ್ಲದು. ಅದರೊಳಗಿರುವುದು ಅವನ ಸ್ವತ್ತಲ್ಲ. ಇತರರ ಹಣದ ಲೆಕ್ಕವೂ ರೋಗಿಗಳ ವಿವರವೂ ಅಲ್ಲಿರಬಹುದು. ನಿಕ್ಷೇಪವನ್ನು ಒಪ್ಪಿಸಿಕೊಂಡವನು ಅದರ ಬೀಗವು ತನಗೆ ಭಾರವೆಂದು ಒಡೆಯಲಾರನು. ಆದರೆ ಸಹಿಸಿಕೊಂಡು ಸುಮ್ಮನಿರುವುದೂ ಅವನಿಗೆ ವಿಹಿತವಲ್ಲ. ಯಾವ ದಿನ ಯಾವ ಗಂಟೆಯಲ್ಲಿ ಯಂತ್ರವು ಎಷ್ಟು ಹೊತ್ತು ನಿಂತಿತು, ಆಗ ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಮೇಲೆ ಯಾವ ಹೆಸರಿದ್ದಿತು ಎಂಬುದನ್ನು ಎರಡು ವಾರಗಳ ಕಾಲ ಬರೆದಿಟ್ಟು, ತೆರೆಯ ಚಿತ್ರಗಳ ಸಮೇತ ಕಂಪನಿಯ ಯಂತ್ರವಿಭಾಗಕ್ಕೆ ಕಳುಹಿಸತಕ್ಕದ್ದು. ಶೋಧದ ವೇಳೆಯನ್ನು ಬದಲಾಯಿಸುವುದು, ಒಂದೇ ಕೆಲಸವನ್ನು ಮಾಡುವ ಎರಡು ಕಾವಲುಗಳಲ್ಲಿ ಒಂದನ್ನು ತೆಗೆಯುವುದು ಅವರ ಕೈಯಲ್ಲಿದೆ. ಯಂತ್ರ ನಿಧಾನವೆಂದು ಬಾಯಿಮಾತಿನಲ್ಲಿ ಗೊಣಗಿದ ದೂರಿಗೆ, ಆರಿಸಿ ಹೊತ್ತಿಸಿ ನೋಡಿರೆಂಬ ಉತ್ತರವಲ್ಲದೆ ಬೇರೊಂದು ಬಂದುದು ಅಪೂರ್ವ. ದಿನಾಂಕ, ನಿಮಿಷಗಳನ್ನು ಕಾಣಿಸಿದ ದೂರನ್ನಾದರೋ ಯಾರಾದರೂ ಓದಲೇಬೇಕಾಗುತ್ತದೆ.